ರತ್ನ ಇಳಿಯಬೇಕಾದ ಸ್ಟಾಪು

ನಮ್ಮ ಊಟದ ಮೇಜಿನ ಮೇಲೆ ಎರಡು ಸ್ಟೀಲಿನ ಲೋಟಗಳಿವೆ. ಒಂದು ನನ್ನ ತಮ್ಮ ನಾಗೇಶ ಕಾಫಿ ಕುಡಿಯುವುದು, ಇನ್ನೊಂದು ಅವನು ಕುಂಚ ತೊಳೆಯುವುದು. ಎರಡೂ ಒಂದೇ ಅಚ್ಚಿನವಾದ್ದರಿಂದ ಅದಲುಬದಲಾಗದಿರಲೆಂದು ಕುಂಚದ ಲೋಟದ ಕಂಠಕ್ಕೆ ಕೆಂಪು ದಾರ ಕಟ್ಟಿದ್ದೆ. ಹಿಂದೊಮ್ಮೆ ಮಸಿಯ ನೀರನ್ನೇ ಒಂದು ಗುಟುಕು ಕುಡಿದು, "ಡಿಕಾಕ್ಷನ್ ಸ್ವಲ್ಪ ಜಾಸ್ತಿ ಆಯ್ತು ಕಣಕ್ಕ" ಎಂದಿದ್ದ ಮಹರಾಯ ಅವನು. ಆಗ ಅದು ತಮಾಷೆಯಾಗಿತ್ತು.

ಮದುವೆಯ ಗೊಡವೆಗೆ ಹೋಗದ ಅಕ್ಕತಮ್ಮಂದಿರು ನಾವು, ಮೈಸೂರಿನ ವಿಜಯನಗರದ ಈ ಮನೆಯಲ್ಲಿ ಕೂತು ಕಾಮಿಕ್ಸ್ ಮಾಡುತ್ತೇವೆ ಎಂದರೆ ನೀವು ಮೊಲ, ಆಮೆ, ರಾಜಕುಮಾರಿ ಎಂದುಕೊಳ್ಳಬಾರದು. ನಮ್ಮ ಪುಸ್ತಕದ ರಕ್ಷಾಪುಟದಲ್ಲಿ 'ದೊಡ್ಡವರಿಗೆ ಮಾತ್ರ' ಎಂದಿದೆ. ಅದನ್ನು ಕಂಡು ಬೇರೇನನ್ನೋ ನಿರೀಕ್ಷಿಸಿದ ನಮ್ಮ ಸೋದರಮಾವ ನಾಲ್ಕು ಪುಟ ತಿರುವಿ, "ಬರೀ ಸಾವೇ ಇದೆಯಲ್ಲಮ್ಮ" ಎಂದು ಹಿಂದಿರುಗಿಸಿದ್ದರು. ಕಥೆಯ ನಾಯಕಿ ರತ್ನ, ಹೆಬ್ಬಾಳದ ಕಾರ್ಖಾನೆಗಳಿಗೆ ಹೋಗುವ ಬಸ್ಸಿನ ಕಂಡಕ್ಟರು. ಆ ಬಸ್ಸು ಕಾಲದಲ್ಲಿ ಸಂಚರಿಸುತ್ತದೆ. ಒಂದು ಸ್ಟಾಪಿನಲ್ಲಿ ಪ್ಲೇಗು, ಇನ್ನೊಂದರಲ್ಲಿ ಯುದ್ಧ, ಮತ್ತೊಂದರಲ್ಲಿ ಹನಿ ನೀರಿಲ್ಲದ ನಾಳಿನ ಮೈಸೂರು. ಎಲ್ಲೆಡೆ ಇಳಿದು, ಹೆಣಗಳನ್ನು ದಾಟಿ, ಮತ್ತೆ ಹತ್ತುವ ಅವಳು ಹುಡುಕುವುದು ತನ್ನ ಮನೆಯ ಸ್ಟಾಪನ್ನು. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ, ಅಂಥದೇ ಬಸ್ಸಿನಲ್ಲಿ ಅರ್ಧ ಆಯಸ್ಸು ಓಡಾಡಿದ ನಾಗೇಶನಿಗೆ ಹೊಳೆದ ಕಥೆ ಅದು.

ನಮ್ಮ ಕೆಲಸದ ಪದ್ಧತಿ ಬಾಲ್ಯದ ಆಟದಿಂದ ಬಂದದ್ದು. ಅವನು ಚಿತ್ರ ಬರೆದು, ಪಾತ್ರಗಳ ಬಾಯಿಯ ಬಳಿ ಖಾಲಿ ಬಲೂನು ಬಿಟ್ಟು ಕೊಡುತ್ತಾನೆ. ಮುಂದೇನೆಂದು ಅವನು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಮುಖ ನೋಡಿ ಬಲೂನಿನ ಅಳತೆಗೆ ಮಾತು ಹೊಂದಿಸುವುದಷ್ಟೇ ನನ್ನ ಪಾಲು.

ಮೂರನೆಯ, ಕೊನೆಯ ಪುಸ್ತಕದಲ್ಲಿ ರತ್ನ ಮನೆ ಸೇರಬೇಕಿತ್ತು. ನಡುವೆ ಒಂದು ಪುಟ ಎರಡನೆಯ ಸಲ ಬಂತು: ಅದೇ ಬಸ್ ಸ್ಟಾಪು, ಅದೇ ಹರಿದ ಛತ್ರಿ, ಅದೇ ಕುಂಟು ನಾಯಿ. ಕಾಲಯಾನದ ಕಥೆಯಲ್ಲವೇ, ಅದೇ ಗಳಿಗೆಗೆ ಮರಳಿದ್ದಾಳೆಂದು ಬಗೆದು ನಾನು ಹುರುಪಿನಿಂದ ಹೊಸ ಮಾತು ತುಂಬಿದೆ. ಆ ಪುಟ ಮತ್ತೆ ಬಂತು, ಮತ್ತೂ ಬಂತು. ಎಂಥ ಜಾಣ ನನ್ನ ತಮ್ಮ ಎಂದು ಒಳಗೊಳಗೇ ಬೀಗಿದೆ. ಹಾಲು ತರಲು ಹೋದವನು ಒಂದು ಬೆಳಿಗ್ಗೆ ಬರಲಿಲ್ಲ. ಹುಡುಕಿ ಹೋದರೆ ಬಸ್ ಸ್ಟಾಪಿನಲ್ಲಿ ನಿಂತಿದ್ದ. "ಫಸ್ಟ್ ಶಿಫ್ಟು ಕಣಕ್ಕ, ಲೇಟಾಗ್ಬುಟ್ಟಿದೆ" ಎಂದ. ಅವನು ನಿವೃತ್ತನಾಗಿ ವರ್ಷಗಳೇ ಕಳೆದಿದ್ದವು.

ಮರೆವಿನ ಕಾಯಿಲೆ, ವಾಸಿಯಾಗುವುದಲ್ಲ ಎಂದರು ಡಾಕ್ಟರು. ಬೇರೆ ಯಾರ ಮನೆಯಲ್ಲಾದರೂ ಬೇಗ ಗೊತ್ತಾಗುತ್ತಿತ್ತೇನೋ. ನಿನ್ನೆ ನಾಳೆಗಳನ್ನು ಕಲಸುವುದೇ ಕಸುಬಾದ ನಮ್ಮ ಮನೆಯಲ್ಲಿ ರೋಗವೂ ಕಲೆಯಾಗಿಯೇ ಕಂಡಿತು.

ಕಾಮಿಕ್ಸಿನ ಪುಟವನ್ನು ಎಂದಾದರೂ ಸುಮ್ಮನೆ ನೋಡಿದ್ದೀರಾ? ಅಲ್ಲಿ ಭೂತವೂ ಭವಿಷ್ಯವೂ ಅಕ್ಕಪಕ್ಕದ ಮನೆಯವರಂತೆ ಒಟ್ಟಿಗೇ ಇರುತ್ತವೆ. ಚೌಕಕ್ಕೂ ಚೌಕಕ್ಕೂ ನಡುವೆ ಒಂದು ಬಿಳಿಯ ಓಣಿ, ಓದುವ ಕಣ್ಣು ಅದನ್ನು ದಾಟಿದಾಗಲೇ ಕಾಲ ಸರಿಯುವುದು. ನನ್ನ ತಮ್ಮ ಈಗ ಆ ಓಣಿಯಲ್ಲೇ ನಿಂತುಬಿಟ್ಟಿದ್ದಾನೆ. ಹಿಂದಕ್ಕೆ ಹೋಗುವುದು ವರವೆಂದು ಎಷ್ಟು ಬಲೂನುಗಳಲ್ಲಿ ಬರೆದೆನೋ. ಹೋದವರ ಪಕ್ಕದ ಸೀಟು ಉಳಿದವರಿಗೆ ಸಿಗುವುದಿಲ್ಲವೆಂದು ಮಾತ್ರ ಎಲ್ಲೂ ಬರೆಯಲಿಲ್ಲ. ರತ್ನಳನ್ನು ಮನೆ ಮುಟ್ಟಿಸುವ ದಾರಿ ಅವನೊಬ್ಬನಿಗೇ ಗೊತ್ತಿತ್ತು. ನೀವೇ ಮುಗಿಸಿಬಿಡಿ ಎನ್ನುತ್ತೀರಿ. ಮುಗಿಸಿದರೆ, ಅವನಿನ್ನು ಬರುವುದಿಲ್ಲವೆಂದು ಒಪ್ಪಿಕೊಂಡಂತೆ. ನನಗೆ ಅದು ಆಗುವುದಿಲ್ಲ, ಭಯವಾಗುತ್ತದೆ.

ಮೊನ್ನೆ ಸಂಜೆ ಒಂದು ಹೊಸ ಪುಟ ಕೊಟ್ಟ. ರತ್ನ ಬಸ್ಸಿಳಿದು ಒಂದು ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಮೇಜು, ಎರಡು ಲೋಟ, ಕನ್ನಡಕ ಹಾಕಿದ ನೆರೆಗೂದಲ ಹೆಂಗಸು. ಗೆರೆ ಗೆರೆಯೂ ನಾನೇ.

"ಇವರು ಯಾರು?" ಎಂದೆ.

"ಗೊತ್ತಿಲ್ಲ ಮೇಡಂ. ಮನೆ ಅಂದ್ಮೇಲೆ ಯಾರಾದ್ರೂ ಇರ್ಬೇಕಲ್ಲ, ಬರೆದ್ಬುಟ್ಟೆ."

ರತ್ನಳ ಬಾಯಿಯ ಬಳಿ ತೀರ ಚಿಕ್ಕ ಬಲೂನು. ಅದರೊಳಗೆ 'ಅಕ್ಕ' ಎಂದು ಬರೆದೆ. ಅವನು ಪುಟವನ್ನು ಹತ್ತಿರ ಎಳೆದುಕೊಂಡು, "ಅಕ್ಕ" ಎಂದು ಗಟ್ಟಿಯಾಗಿ ಓದಿದ. ನಾನು ಅವನ ಮುಖವನ್ನೇ ನೋಡಿದೆ.

"ಬಲೂನಿಗೆ ಸರಿಯಾಗಿ ಕೂತಿದೆ" ಎಂದ. ಆಮೇಲೆ ಕಿಟಕಿಯತ್ತ ನೋಡಿ, "ಕತ್ತಲಾಗ್ತಿದೆ ಮೇಡಂ. ನಿಮ್ಮನೇಲಿ ಕಾಯ್ತಿರ್ತಾರೆ, ಹೊರಡಿ. ಆಮೇಲೆ ಬಸ್ಸು ಸಿಗಲ್ಲ" ಎಂದ.

ಲೋಟದ ಕೆಂಪು ದಾರವನ್ನು ಈಚೆಗೆ ಬಿಚ್ಚಿಹಾಕಿದ್ದೇನೆ. ಅವನು ಯಾವುದನ್ನು ಎತ್ತಿ ಕುಡಿದರೂ ಅಪಾಯವಾಗದಿರಲೆಂದು ಎರಡು ಲೋಟಕ್ಕೂ ಕಾಫಿಯನ್ನೇ ಹಾಕಿಡುತ್ತೇನೆ. ಕುಂಚವನ್ನೂ ಅದರಲ್ಲೇ ಅದ್ದುವುದರಿಂದ ರತ್ನಳ ಮನೆಯ ಗೋಡೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ.

"ಕಾಫಿ ಕುಡಿದು ಹೊರಡ್ತೀನಿ" ಎಂದೆ. ಒಂದು ಲೋಟ ಅವನು ತೆಗೆದುಕೊಂಡ. ಕುಂಚ ಅದ್ದಿದ್ದ ಲೋಟ ನನಗುಳಿಯಿತು.