ಸುಣ್ಣ ಹತ್ತಿದ ಕುರ್ಚಿ

ನಮ್ಮ ಜಗಲಿಯ ಬೆತ್ತದ ಕುರ್ಚಿಯ ಬೆನ್ನಿಗೆ ಅಂಗೈಯಗಲದ ಸುಣ್ಣದ ಕಲೆಯಿದೆ. ನಿನ್ನೆ ಪಂಚಾಯತಿನಿಂದ ಮನೆಯಿಲ್ಲದವರ ಪಟ್ಟಿ ಮಾಡಲು ಬಂದ ಹುಡುಗಿ ಅದರಲ್ಲಿ ಕೂರುವ ಮೊದಲು ಒಮ್ಮೆ ಕೈಯಿಂದ ಒರೆಸಿ ನೋಡಿದಳು. ಹಳೆಯ ಸುಣ್ಣ, ಬಟ್ಟೆಗೆ ಹತ್ತುವುದಿಲ್ಲ ಎಂದೆ...

ಅದು ಹಿತ್ತಿಲಾಚೆಯ ಅಕ್ಕನ ಗೋಡೆಯ ಸುಣ್ಣ. ಬೀಡಿ ಕಟ್ಟಿ ಬದುಕುತ್ತಿದ್ದ ಒಂಟಿ ಹೆಂಗಸು. ಅವರ ಮಾಡಿನಲ್ಲಿ ಹೆಂಚಿಗಿಂತ ಟಾರ್ಪಾಲೇ ಹೆಚ್ಚು. ಸರಕಾರದ ಮನೆಗೆ ಅರ್ಜಿ ಬರೆದುಕೊಟ್ಟವಳು ನಾನೇ. ವಿಲೇಜ್ ಆಫೀಸು, ಪಂಚಾಯತು ಎಂದು ಅಲೆದು ಅಲೆದು ಇಬ್ಬರಿಗೂ ಸಾಕುಸಾಕಾಗಿತ್ತು. ಕೊನೆಗೊಮ್ಮೆ ಮನೆ ನೋಡಲು ಆಫೀಸರು ಬರುತ್ತಾರೆಂದು ತಿಳಿಯಿತು.

ಅಕ್ಕನಿಗೆ ಅದು ನೆಂಟರು ಬಂದ ಹಾಗೆಯೇ. ಎರಡು ದಿನ ಬೀಡಿ ಕಟ್ಟುವುದು ಬಿಟ್ಟು ಗೋಡೆಗೆ ಸುಣ್ಣ ಬಳಿದರು, ನೆಲ ಸಾರಿಸಿದರು. ಸೋರುವಲ್ಲೆಲ್ಲ ಇಟ್ಟಿದ್ದ ಪಾತ್ರೆಗಳನ್ನು ಅಡಗಿಸಿದರು. ನಮ್ಮಲ್ಲಿಂದ ಎರಡು ಕುರ್ಚಿ, ಗಾಜಿನ ಲೋಟ ಒಯ್ದರು. ಕೊಡುವಾಗ ನನಗೂ ಏನೂ ಹೊಳೆಯಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು.

ಆಫೀಸರು ಆ ಕುರ್ಚಿಯಲ್ಲಿ ಕೂತು ಎಳನೀರು ಕುಡಿದರು, ಸುತ್ತ ನೋಡಿದರು. "ಮನೆ ಒಳ್ಳೆಯದೇ ಉಂಟಲ್ಲ" ಎನ್ನುತ್ತಾ ಬರೆದುಕೊಂಡರು. ಕುರ್ಚಿ ನಮ್ಮದು ಎನ್ನಲು ನಾನು ಬಾಯಿ ತೆರೆದಾಗ ಅಕ್ಕ ನನ್ನ ಕೈ ಒತ್ತಿ ಹಿಡಿದರು.

"ಎಂತಕ್ಕೆ ತಡೆದದ್ದು?" ಎಂದು ಆಮೇಲೆ ಕೇಳಿದೆ.

"ಮನೆಗೆ ಬಂದವರ ಹತ್ತಿರ ಕುರ್ಚಿಯೂ ನಮ್ಮದಲ್ಲ ಅಂತ ಹೇಳುವುದು ಹೇಗೆ ಟೀಚರೇ?" ಎಂದರು.

ಸಂಜೆಗೇ ಕುರ್ಚಿ ತೊಳೆದು ತಂದುಕೊಟ್ಟರು. ಗೋಡೆಗೆ ಒರಗಿದಲ್ಲಿ ಹತ್ತಿದ ಸುಣ್ಣ ಮಾತ್ರ ಹೋಗಲಿಲ್ಲವೆಂದು ಎರಡೆರಡು ಸಲ ಬೇಸರ ಪಟ್ಟುಕೊಂಡರು.

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಮತ್ತೆ ಅರ್ಜಿ, ಮತ್ತೆ ಸರತಿ ಸಾಲು, "ಮುಂದಿನ ಸಲ ನೋಡುವ" ಎಂಬ ಮಾತು. ಟಾರ್ಪಾಲಿನಡಿಯಲ್ಲಿ ಮೂರು ಮಳೆಗಾಲ ಹೋಯಿತು... ನಾಲ್ಕನೆಯದಕ್ಕೆ ಕೆಮ್ಮು ಎದೆಗಿಳಿದು ಅಕ್ಕ ತೀರಿಹೋದರು. ಆಗ ಬಂದಿದ್ದ ಸಿಟ್ಟು ಈಗ ನನ್ನಲ್ಲಿ ಉಳಿದಿಲ್ಲ, ದಣಿವು ಉಳಿದಿದೆ.

"ಹಿಂದುಗಡೆ ಯಾರಾದರೂ ಇದ್ದಾರಾ ಟೀಚರೇ?" ಎಂದು ನಿನ್ನೆಯ ಹುಡುಗಿ ಮೊಬೈಲ್ ನೋಡುತ್ತಾ ಕೇಳಿದಳು. ಅಲ್ಲಿ ಈಗ ಕುಸಿದ ಗೋಡೆ, ಅದರ ಮೇಲೆ ಬಳ್ಳಿ. ಯಾರೂ ಇಲ್ಲ ಎಂದೆ. ಎದ್ದು ಹೊರಟವಳು, ಕುರ್ಚಿ ಹಳೆಯದಾದರೂ ಗಟ್ಟಿ ಉಂಟು ಎಂದಳು.

"ಅದು ನಮ್ಮದು" ಎಂದೆ.

ಅಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.