ಮುಟ್ಟಿದರೆ ತಿಳಿಯುವ ಬ್ಯಾಕ್ಟೀರಿಯಾ

ಅಂಗಡಿ ಬೋರ್ಡುಗಳಿಗೆ ಬಣ್ಣ ಬಳಿದೇ ಅರ್ಧ ಆಯುಷ್ಯ ಕಳೆದ ಪೇಂಟರನಿಗೆ ಬ್ಯಾಕ್ಟೀರಿಯಾ ಎಂದರೆ, ಕೈ ತೊಳೆಯದೆ ಊಟಕ್ಕೆ ಕೂತಾಗ ಹೆಂಡತಿ ಬೈಯುವುದಕ್ಕೊಂದು ನೆಪ, ಅಷ್ಟೇ. ಹೆಂಡತಿ ಜೀವಶಾಸ್ತ್ರದ ಟೀಚರು. ಹೋದ ವರ್ಷ ಕಾಯಿಲೆ ಬಿದ್ದು ಅವಳ ಎರಡೂ ಕಣ್ಣು ಹೋದವು. ಮನೆಯಲ್ಲಿ ಕೂತೂ ಕೂತೂ ಬೇಸತ್ತು, ಮತ್ತೆ ಪಾಠ ಮಾಡಿಯೇ ಮಾಡುತ್ತೇನೆಂದು ಹಟ ಹಿಡಿದಳು. ಸೋಮವಾರ ಒಂದು ಪಾಠ ಮಾಡಿ ತೋರಿಸಲಿ, ಕ್ಲಾಸು ನಿಭಾಯಿಸಿದರೆ ಕೆಲಸ ಅವಳದೇ ಎಂದರು ಹೆಡ್‌ಮಿಸ್ಸು. ಪಾಠ, ಬ್ಯಾಕ್ಟೀರಿಯಾದ ಕೋಶ.

ಬೋರ್ಡಿನ ಮೇಲೆ ಚಿತ್ರ ಬರೆಯುವುದು ಇನ್ನು ಆಗದ ಮಾತು. "ರೀ, ಕೈಯಲ್ಲಿ ಹಿಡಿದು ಪಾಠ ಮಾಡೋಕೆ ಒಂದು ಮಾದರಿ ಮಾಡ್ಕೊಡಿ," ಎಂದಳು.

ಅವನು ಮಾಡಿದ, ಏನು ಮಾಡಿದ ಅಂತೀರಿ! ಮರದಲ್ಲಿ ಕೆತ್ತಿ, ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಬಳಿದು, ಮೇಲೆ ವಾರ್ನಿಶ್ ಹೊಡೆದು ಅವಳ ತೊಡೆಯ ಮೇಲಿಟ್ಟ. ಅವಳು ಬೆರಳಾಡಿಸಿ, "ಎಲ್ಲಾ ಒಂದೇ ಥರ ನುಣ್ಣಗಿದೆಯಲ್ರೀ. ಗೋಡೆ ಯಾವುದು, ಪೊರೆ ಯಾವುದು?" ಎಂದಳು.

"ಗೋಡೆ ಹಸಿರು, ಪೊರೆ ಹಳದಿ ಕಣೇ," ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೋ ನಾಚಿಕೆಯಿಂದ ಮುಖ ಇಷ್ಟು ಚಿಕ್ಕದಾಯಿತು.

ಮತ್ತೆ ಮೊದಲಿನಿಂದ ಶುರು. ಆಕಾರ ಕೆಡದ ಹಾಗೆ ಕಾಯುವ ಗೋಡೆಗೆ ಉಜ್ಜದ ಒರಟು ಮರ. ಅದರ ಒಳಗೆ, ಯಾರು ಒಳಬರಬೇಕು ಯಾರು ಹೊರಹೋಗಬೇಕು ಎಂದು ನೋಡಿಕೊಳ್ಳುವ ಪೊರೆಗೆ ಸೈಕಲ್ ಟ್ಯೂಬಿನ ರಬ್ಬರು. ಅದರೊಳಗಿನ ದ್ರವಕ್ಕೆ ಸ್ಪಂಜು. ಪ್ರೋಟೀನು ತಯಾರಿಸುವ ರೈಬೋಸೋಮುಗಳಿಗೆ ಅದರ ತುಂಬ ಹರಳು ಮಣಿ. ಈಜುವ ಬಾಲಕ್ಕೆ ಸುರುಳಿ ತಂತಿ. ಡಿಎನ್‌ಎಗೆ ತುದಿಯಿಲ್ಲದ ದಾರದ ಉಂಗುರ.

"ಈ ದಾರ ಇಡೋಕೆ ಒಂದು ಡಬ್ಬಿ ಮಾಡ್ಲಾ?"

"ಬೇಡ ಮಾರಾಯ್ರೇ. ನಮ್ಮ ಕೋಶಗಳಲ್ಲಿ ಅದಕ್ಕೊಂದು ಕೋಣೆ ಇರುತ್ತೆ. ಇದರಲ್ಲಿ ಇಲ್ಲ. ನಡುವೆ ಹಾಗೇ ಮುದುಡ್ಕೊಂಡು ಬಿದ್ದಿರಲಿ."

"ಪಾಪ, ನಮ್ಮ ಹಾಗೇ ಒಂದೇ ರೂಮಿನ ಸಂಸಾರ," ಎಂದ ಪೇಂಟರ್.

ಸೋಮವಾರ ಅವನು ಕೊನೆಯ ಬೆಂಚಿನಲ್ಲಿ ಕೂತ. ಹೆಡ್‌ಮಿಸ್ಸು ಬಾಗಿಲಲ್ಲಿ ನಿಂತಿದ್ದರು. ಹೆಂಡತಿಯ ಬೆರಳು ಗೋಡೆಯಿಂದ ಪೊರೆಗೆ, ಪೊರೆಯಿಂದ ಮಣಿಗೆ ತಡವರಿಸದೆ ಹೋಯಿತು, ಮಾತೂ ಅಷ್ಟೇ ಸಲೀಸಾಗಿ ಹೋಯಿತು. ಆಮೇಲೆ ಮಾದರಿಯನ್ನು ಮಕ್ಕಳ ಕೈಗೆ ಕೊಟ್ಟಳು. ಮೂರನೇ ಬೆಂಚಿನಲ್ಲಿ ಟಕ್ ಎಂದಿತು. ಪೇಂಟರ್ ಬೆಂಚಿನಿಂದ ಅರ್ಧ ಎದ್ದ.

"ಏನ್ ಮುರೀತು?" ಎಂದಳು ಅವಳು.

"ಬಾಲ, ಮಿಸ್," ಎಂದಿತು ಅಳುವ ದನಿಯೊಂದು.

"ಅದಕ್ಯಾಕೋ ಅಳ್ತೀಯ? ಬಾಲ ಹೋದ್ರೆ ಬ್ಯಾಕ್ಟೀರಿಯಾ ಸಾಯಲ್ಲ ಕಣೋ. ಸ್ವಲ್ಪ ಹೊತ್ತು ಈಜಲ್ಲ, ಅಷ್ಟೇ. ಒಳಗಿನ ಕೆಲಸ ಎಲ್ಲಾ ನಡೀತಾನೇ ಇರುತ್ತೆ. ಎಷ್ಟೋ ಬ್ಯಾಕ್ಟೀರಿಯಾ ಇನ್ನೊಂದು ಬಾಲ ಬೆಳೆಸ್ಕೊಂಡು ಹೊರಟೇಬಿಡ್ತವೆ. ಹೂಂ, ಪಕ್ಕದವರಿಗೆ ಕೊಡು."

ಕ್ಲಾಸು ಗೊಳ್ಳೆಂದು ನಕ್ಕಿತು. ಅಳುತ್ತಿದ್ದವನೂ ನಕ್ಕ.

"ಮಿಸ್, ನಾಳೆ ಮೊದಲನೇ ಪೀರಿಯಡ್ಡಿಗೇ ಬಂದ್ಬಿಡಿ," ಎಂದರು ಹೆಡ್‌ಮಿಸ್ಸು.

ಅವಳು ಕೊನೆಯ ಬೆಂಚಿನತ್ತ ಮುಖ ತಿರುಗಿಸಿ, "ರೀ, ಕೇಳಿಸ್ತಾ?" ಎಂದಳು.

ಸಂತೋಷಕ್ಕೆ ಪೇಂಟರ್ ಜೋರಾಗಿ ತಲೆಯಾಡಿಸಿದ.

"ಹೂಂ ಅಂತ ತಲೆ ಆಡಿಸ್ತಿದ್ದಾರೆ ಮಿಸ್!" ಎಂದು ಇಡೀ ಕ್ಲಾಸು ಒಟ್ಟಿಗೇ ಕೂಗಿತು.