ಕೆರೆ ಕಾಣುವ ಕೋಣೆ

ಲಾಡ್ಜಿನ ಯಜಮಾನರು ಗಿರಾಕಿಗೆ ಕೋಣೆ ತೋರಿಸುವಾಗ ಮೊದಲು ದೀಪ ಹಾಕುವುದಿಲ್ಲ, ಕಿಟಕಿ ತೆರೆಯುತ್ತಾರೆ. ಕಣ್ಣು ಕೆರೆಯ ಮೇಲೆ ಬಿದ್ದರೆ ಹಾಸಿಗೆಯ ಕಲೆಯ ಮೇಲೆ ಬೀಳುವುದಿಲ್ಲ ಎಂಬುದು ಅವರ ವ್ಯಾಪಾರದ ಗುಟ್ಟು. ಕೆರೆಯನ್ನು ಮಂಜು ಮುಚ್ಚಿದ್ದರೆ, "ಕಾಣದೆ ಇರೋದೇ ಇಲ್ಲಿನ ವಿಶೇಷ ಸಾರ್" ಎನ್ನುತ್ತಾರೆ. ನಲ್ಲಿಯಲ್ಲಿ ನೀರಿಲ್ಲವೆಂದು ಯಾರಾದರೂ ಗೊಣಗಿದರೆ, "ಅಷ್ಟು ನೀರು ಕಣ್ಮುಂದೇನೇ ಇದೆಯಲ್ಲ ತಾಯಿ!" ಎಂದು ನಗಿಸಿ ಬೀಗದ ಕೈ ಕೊಟ್ಟುಬಿಡುತ್ತಾರೆ. ಮರಳನ್ನೂ ಸಕ್ಕರೆಯೆಂದು ಮಾರಬಲ್ಲ ಆ ಬಾಯಿಗೆ ಹೆಂಡತಿಯ ಮುಂದೆ ಮಾತ್ರ ಒಂದೇ ಮಾತು. ಸೊಂಟ ಮುರಿದು ಹಾಸಿಗೆ ಹಿಡಿದ ಆಕೆಯನ್ನು ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿಸಿದ್ದಾರೆ. "ನಾಲ್ಕು ದಿನ ನನ್ನನ್ನೂ ಮುಂದಿನ ಕೋಣೇಲಿ ಮಲಗಿಸ್ರೀ, ಕೆರೆ ನೋಡ್ತೀನಿ" ಎಂದು ಆಕೆ ಕೇಳಿದಾಗಲೆಲ್ಲ, "ಸೀಸನ್ ಮುಗೀಲಿ ಕಣೇ" ಎನ್ನುತ್ತಾರೆ. ಸೀಸನ್ ಎಷ್ಟೋ ಸಲ ಮುಗಿದಿದೆ. ಮೊನ್ನೆ ಕೋಣೆ ನೋಡಲು ಬಂದ ಹುಡುಗಿಯೊಬ್ಬಳು ತಪ್ಪಿ ಆ ಬಾಗಿಲು ತಳ್ಳಿ, "ಅಯ್ಯೋ, ಇಲ್ಲಿಂದ ಕೆರೆ ಕಾಣಲ್ವಾ ಆಂಟಿ?" ಎಂದಳು. ಹುಡುಗಿಯ ಹಿಂದೆಯೇ ಬಂದು ನಿಂತಿದ್ದ ಗಂಡನತ್ತ ನೋಡದೆ ಆಕೆ, "ಕಾಣತ್ತಮ್ಮಾ, ಸೀಸನ್ ಮುಗಿದ್ಮೇಲೆ" ಎಂದರು. ಯಜಮಾನರು ಮೆಲ್ಲಗೆ ಬಾಗಿಲು ಎಳೆದುಕೊಂಡು, ಹುಡುಗಿಯನ್ನು ಮುಂದಿನ ಕೋಣೆಗೆ ಕರೆದೊಯ್ದು, ಕಿಟಕಿ ತೆರೆದರು.